ಧಾರವಾಡದ ಮಾತಿಗೂ ತಾಲೀಮು ಬೇಕು

ಮಾನ್ಯ ಸಂಪಾದಕರೇ,

ನಟನೆ, ನಿರೂಪಣೆ, ಕಂಠದಾನಗಳ ತರಬೇತಿಯಲ್ಲಿ ಉಚ್ಚಾರಣೆ ತಿದ್ದುವುದಕ್ಕೆ ಹೆಚ್ಚಿನ ಮಹತ್ವವಿದೆ. ಅಕಾರ-ಹಕಾರಗಳು ಅದಲುಬದಲಾಗದಂತೆ, ಮಹಾಪ್ರಾಣಗಳು ನುಂಗಿಹೋಗದಂತೆ, ಸ-ಶಗಳು ಬೆರೆಯದಂತೆ ವಿದ್ಯಾರ್ಥಿಯ ನಾಲಿಗೆಯನ್ನು ಪಳಗಿಸುತ್ತಾರೆ. ಪೌರಾಣಿಕ ನಾಟಕದ ಮಾತನ್ನೋ ಹಳಗನ್ನಡದ ಪದ್ಯವನ್ನೋ ಒಪ್ಪಿಸಬೇಕಾದವರಿಗೆ ಇದು ಬೇಕೇ ಬೇಕು. ಆದರೆ ಈ ಪಳಗಿಸುವಿಕೆ ಒಂದೇ ದಿಕ್ಕಿಗೆ ಸಾಗುತ್ತಿದೆ ಎಂಬುದು ಶಿಬಿರಗಳಲ್ಲಿ ಮಾತಿನ ಪಾಠ ಹೇಳುವ ನನ್ನ ತಕರಾರು. ಬಾಗಲಕೋಟೆಯಿಂದ ಬಂದ ಹುಡುಗಿ ಬೆಂಗಳೂರಿನ ಕಿವಿಗೆ ಒಪ್ಪುವ ಕನ್ನಡವನ್ನು ರೂಢಿಸಿಕೊಳ್ಳಲು ತಿಂಗಳುಗಟ್ಟಲೆ ಶ್ರಮಿಸುತ್ತಾಳೆ; ಬೆಂಗಳೂರಿನ ಹುಡುಗನಿಗೆ ಬಾಗಲಕೋಟೆಯ ರೈತನ ಪಾತ್ರ ಸಿಕ್ಕರೆ, ಮಾತಿನ ಕೊನೆಗೆ ಒಂದು 'ರೀ', ನಡುವೆ ಎರಡು 'ಐತಿ' ಸೇರಿಸಿದರೆ ಸಾಕೆಂದು ನಿರ್ದೇಶಕರೂ ನಟರೂ ಬಹಳಷ್ಟು ಸಲ ತೃಪ್ತರಾಗಿಬಿಡುತ್ತಾರೆ.

ಉತ್ತರ ಕರ್ನಾಟಕದ ಮಾತು ಇಷ್ಟು ಸುಲಭಕ್ಕೆ ದಕ್ಕುವಂಥದ್ದಲ್ಲ. ಅಲ್ಲಿ ಮನೆ 'ಮನಿ' ಆಗುತ್ತದೆ, ಊರಲ್ಲಿ 'ಊರಾಗ' ಆಗುತ್ತದೆ ಎಂಬುದನ್ನು ಹಾಳೆಯ ಮೇಲೆ ಬರೆದುಕೊಡಬಹುದು. 'ಹೋಗ್ಯಾನ', 'ಮಾಡ್ಯಾಳ' ಎನ್ನುವಾಗ ಬಾಯಿ ಎಷ್ಟು ತೆರೆಯಬೇಕು, ಪ್ರಶ್ನೆ ಕೇಳುವಾಗ ದನಿ ಎಲ್ಲಿ ಏರಬೇಕು, ಯಾವ ಸ್ವರವನ್ನು ಎಳೆಯಬೇಕು ಎಂಬುದನ್ನು ಮಾತ್ರ ಕಿವಿಯಿಂದಲೇ ಕಲಿಯಬೇಕು. 'ಮಾಡುತ್ತಿದ್ದಾನೆ' ಎನ್ನುವುದಕ್ಕೆ ಒಬ್ಬರು 'ಮಾಡಾಕತ್ತಾನ' ಎಂದರೆ ಅದೇ ಊರಿನ ಇನ್ನೊಬ್ಬರು 'ಮಾಡ್ಲಿಕ್ಕತ್ತಾನ' ಎನ್ನಬಹುದು. ಪಾತ್ರದ ಮನೆತನ, ಕಸುಬು, ಓದುಗಳನ್ನು ಅರಿಯದೆ ಇವೆರಡರಲ್ಲಿ ಒಂದನ್ನು ಆರಿಸಲಾಗದು. ಬೆಳಗಾವಿಯ ಮಾತಿಗೆ ಮರಾಠಿಯ ಒಡನಾಟವಿದೆ, ಕಲಬುರಗಿಯ ಮಾತಿಗೆ ದಖನಿ ಉರ್ದು ಮತ್ತು ತೆಲುಗಿನ ನಂಟಿದೆ. ತೆರೆಯ ಮೇಲೆ ಇವೆಲ್ಲವೂ ಕಲಸಿಹೋಗಿ, ಯಾವ ಊರಿನಲ್ಲಿಯೂ ಯಾರೂ ಆಡದ ಒಂದು ಕನ್ನಡ ಹುಟ್ಟಿಕೊಂಡಿದೆ.

ಮಂಗಳೂರಿನ ಕನ್ನಡಕ್ಕೂ ಇದೇ ಗತಿ. ಅಲ್ಲಿ ತುಳು, ಕೊಂಕಣಿ, ಬ್ಯಾರಿ ಮನೆಮಾತಾಗಿರುವ ಬಹಳ ಮಂದಿ ಕನ್ನಡವನ್ನು ಶಾಲೆಯಲ್ಲಿ ಕಲಿತವರಾದ್ದರಿಂದ ಅವರ ಮಾತು ಬರಹಕ್ಕೆ ಹತ್ತಿರವಾಗಿದೆ. ಬಹುಭಾಷಿಕರ ಆ ಶಿಸ್ತನ್ನು ನಗೆಯ ಸರಕಾಗಿಸುವುದು ನನಗೆ ನೋವಿನ ಸಂಗತಿ. ಅದೇ ಕರಾವಳಿಯ ಕುಂದಾಪುರಕ್ಕೆ ಹೋದರೆ ಪದದ ಕೊನೆಯ ಸ್ವರಗಳನ್ನೇ ತುಂಡರಿಸಿ ವೇಗವಾಗಿ ಸಾಗುವ ಬೇರೆಯದೇ ಕನ್ನಡವಿದೆ.

ಕಲಿಯಲು ಸಾಮಗ್ರಿ ಇಲ್ಲವೆಂದು ಹೇಳುವಂತಿಲ್ಲ. ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲಿಯೇ ನಂಜನಗೂಡು, ಕಲಬುರಗಿ ಮತ್ತು ಉತ್ತರ ಕನ್ನಡ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರ ಕನ್ನಡವನ್ನು ಕುರಿತು ವ್ಯವಸ್ಥಿತ ಅಧ್ಯಯನಗಳನ್ನು ಪ್ರಕಟಿಸಿದೆ. ಅಲ್ಲಿ ದಾಖಲಾಗಿರುವ ಧ್ವನಿಗಳ ವಿವರ ನಟರ ತಾಲೀಮಿನ ಕೋಣೆಯನ್ನು ತಲುಪಬೇಕಾಗಿದೆ. 1989ರಲ್ಲಿ ಮೈಸೂರಿನಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ನಾಟಕ ಸಂಸ್ಥೆ ರಂಗಾಯಣಕ್ಕೆ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿಯೂ ಘಟಕಗಳಿವೆ. ಈ ಘಟಕಗಳು ತಮ್ಮ ಸುತ್ತಲಿನ ಹಿರಿಯರ, ಸಂತೆಯ ವ್ಯಾಪಾರಿಗಳ, ಹೊಲದಲ್ಲಿ ದುಡಿಯುವ ಹೆಂಗಸರ ಮಾತನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ ನಟರಿಗೆ ಒದಗಿಸಿದರೆ ಅದೊಂದು ದೊಡ್ಡ ಉಪಕಾರವಾಗುತ್ತದೆ. ಮೈಸೂರಿನ ಕಲಾವಿದರು ಕಲಬುರಗಿಯಲ್ಲಿಯೂ ಕಲಬುರಗಿಯವರು ಮೈಸೂರಿನಲ್ಲಿಯೂ ಕೆಲವು ವಾರ ಉಳಿದು ಅಲ್ಲಿನವರೊಡನೆ ಮಾತಾಡಿಯೇ ಮಾತು ಕಲಿಯುವ ಏರ್ಪಾಡನ್ನೂ ಮಾಡಬಹುದು.

ಚಿತ್ರ ಮತ್ತು ಧಾರಾವಾಹಿಗಳ ನಿರ್ಮಾಪಕರಲ್ಲಿಯೂ ಒಂದು ವಿನಂತಿ. ಹೊಡೆದಾಟ, ನೃತ್ಯ ಕಲಿಸುವವರನ್ನು ನೇಮಿಸಿಕೊಳ್ಳುವಂತೆ ಆಯಾ ಸೀಮೆಯ ಮಾತು ಕಲಿಸುವವರನ್ನೂ ನೇಮಿಸಿಕೊಳ್ಳಲಿ; ಅವರು ಚಿತ್ರೀಕರಣದ ಸ್ಥಳದಲ್ಲಷ್ಟೇ ಅಲ್ಲದೆ ಡಬ್ಬಿಂಗ್ ಕೋಣೆಯಲ್ಲಿಯೂ ಜೊತೆಗಿರಲಿ. ಸಹ ನಿರ್ದೇಶಕರ ಪರಿಚಯದವರೊಬ್ಬರನ್ನು ಫೋನಿನಲ್ಲಿ ಕೇಳಿ ಪುಕ್ಕಟೆಯಾಗಿ ಮುಗಿಸುವ ಕೆಲಸ ಇದಲ್ಲವಾದ್ದರಿಂದ, ಕಲಿಸಿದವರಿಗೆ ತಕ್ಕ ಸಂಭಾವನೆ ಕೊಟ್ಟು ಅವರ ಹೆಸರನ್ನು ತೆರೆಯ ಮೇಲಿನ ಕಲಾವಿದರು-ತಂತ್ರಜ್ಞರ ಪಟ್ಟಿಯಲ್ಲಿ ತೋರಿಸಬೇಕು.

— ಹವ್ಯಾಸಿ ರಂಗಕರ್ಮಿ, ಹುಬ್ಬಳ್ಳಿ