28 ದಿನಕ್ಕೊಂದು ಇಂಜೆಕ್ಷನ್, ತಾಲ್ಲೂಕಲ್ಲೇ ಸಿಗೋ ಹಾಗೆ ಮಾಡಿ

ಮಾನ್ಯ ಸಂಪಾದಕರೇ,

ನಮ್ಮಪ್ಪನಿಗೆ ಅಕ್ರೋಮೆಗಲಿ. ಮಿದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥೀಲಿ ಸಣ್ಣ ಗಡ್ಡೆ ಆಗಿ ಗ್ರೋತ್ ಹಾರ್ಮೋನ್ ಜಾಸ್ತಿ ಬರೋ ಕಾಯಿಲೆ ಅದು. ಚಪ್ಪಲಿ ಸೈಜು ದೊಡ್ಡದಾಗ್ತಾ ಹೋಯ್ತು, ಮದುವೆ ಉಂಗುರ ಬೆರಳಲ್ಲಿ ಸಿಕ್ಕಾಕ್ಕೊಂಡು ಅಕ್ಕಸಾಲಿಗರ ಹತ್ರ ಕತ್ತರಿಸಿ ತೆಗೆಸಿದ್ವಿ, ಆಗಲೂ ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ವಿ. ಆಮೇಲೆ ಮೂಗಿನ ಮೂಲಕ ಆಪರೇಷನ್ ಆಯ್ತು, ಆದ್ರೂ ಗಡ್ಡೆ ಪೂರ್ತಿ ಹೋಗ್ಲಿಲ್ಲ, ಹಾಗಾಗಿ ಆ ಹಾರ್ಮೋನ್ ತಗ್ಗಿಸೋಕೆ 28 ದಿನಕ್ಕೊಂದ್ಸಲ ಆಕ್ಟ್ರಿಯೋಟೈಡ್ ಅನ್ನೋ ಇಂಜೆಕ್ಷನ್.

ಇದು ಸಾದಾ ಇಂಜೆಕ್ಷನ್ ಅಲ್ಲ. 2ರಿಂದ 8 ಡಿಗ್ರೀಲಿ ಇಡಬೇಕು, ಕೊಡೋಕ್ಮುಂಚೆ ಅರ್ಧ ಮುಕ್ಕಾಲು ಗಂಟೆ ಹೊರಗಿಡಬೇಕು, ಪುಡೀನ ಅದರ ಜೊತೆ ಬರೋ ದ್ರವದಲ್ಲಿ ಕಲಸಿದ ತಕ್ಷಣ ಕುಂಡಿಗೆ ಚುಚ್ಚಬೇಕು, ತಡ ಆದ್ರೆ ಸೂಜಿ ಕಟ್ಕೊಳ್ಳತ್ತೆ. ಹೋದ ವರ್ಷ ಊರಲ್ಲೇ ಹಾಕ್ಸೋಣ ಅಂತ ಒಂದು ಕಡೆ ಹೋದ್ವಿ, ಅಲ್ಲಿನ ಸಿಸ್ಟರ್‌ಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ, ಅರ್ಧ ಔಷಧಿ ಸಿರಿಂಜಲ್ಲೇ ಉಳೀತು, ಸಾವಿರಾರು ರೂಪಾಯಿದು. ಆಯಮ್ಮ ಕಣ್ಣೀರು ಹಾಕಿದ್ರು, ಅಪ್ಪನೇ ಅವರಿಗೆ ಸಮಾಧಾನ ಹೇಳಿದ್ರು. ತಪ್ಪು ಅವರದ್ದಲ್ಲ.

ಅವತ್ತಿಂದ ಬೆಂಗಳೂರೇ ಗತಿ. ರಾತ್ರಿ ಬಸ್ಸು, ಬೆಳಗ್ಗೆ ಕ್ಯೂ, ಚುಚ್ಚಿಸ್ಕೊಂಡು ನೋಯ್ತಿರೋ ಕಡೆನೇ ಕೂತ್ಕೊಂಡು ವಾಪಸ್ ಪ್ರಯಾಣ, ಈ ಔಷಧಿಗೆ ಭೇದಿ ಆಗೋದು ಬೇರೆ ಇರೋದ್ರಿಂದ ದಾರೀಲಿ ಅಪ್ಪ ಏನೂ ತಿನ್ನಲ್ಲ, ನೀರೂ ಕುಡಿಯಲ್ಲ.

ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ, ಒಂದೊಂದು ತಾಲ್ಲೂಕು ಆಸ್ಪತ್ರೇಲಿ ಇಬ್ಬರು ಸಿಸ್ಟರ್‌ಗಳಿಗಾದ್ರೂ ಈ ಇಂಜೆಕ್ಷನ್ ಕಲಸಿ ಕೊಡೋದನ್ನ ಕಲಿಸಿ. ಡಾಕ್ಟರುಗಳೂ ಬೇರೆ ದಾರಿಗಳನ್ನ ನಮ್ಮಂಥವರ ಜೊತೆ ಕೂತು ಮಾತಾಡ್ಲಿ. ಲ್ಯಾನ್ರಿಯೋಟೈಡ್ ಅಂತ ಇದೇ ಥರದ ಇನ್ನೊಂದು ಇಂಜೆಕ್ಷನ್ ಇದೆ, ಅದು ಸಿರಿಂಜಲ್ಲಿ ತುಂಬಿಸೇ ಬರತ್ತೆ, ಮನೆಯವರು ಕಲಿತು ಕೊಡಬಹುದು, ಹಾರ್ಮೋನ್ ಚೆನ್ನಾಗಿ ಹಿಡಿತಕ್ಕೆ ಬಂದೋರಿಗೆ 120 ಮಿಲಿಗ್ರಾಂ ಡೋಸನ್ನ 6 ಇಲ್ಲಾ 8 ವಾರಕ್ಕೊಂದ್ಸಲ ಕೊಡೋ ಪದ್ಧತಿನೂ ಇದೆ. ಹಾರ್ಮೋನ್ ಸ್ವಲ್ಪವೇ ಜಾಸ್ತಿ ಇರೋರಲ್ಲಿ ಕೆಲವರಿಗೆ ಕ್ಯಾಬರ್ಗೋಲಿನ್ ಮಾತ್ರೆ ಸಾಕಾಗತ್ತೆ. ಅಮೆರಿಕದಲ್ಲಿ ಆಕ್ಟ್ರಿಯೋಟೈಡ್ ಕ್ಯಾಪ್ಸೂಲ್‌ಗೆ 2020ರಲ್ಲೇ ಒಪ್ಪಿಗೆ ಸಿಕ್ಕಿದೆ, ದಿನಕ್ಕೊಂದ್ಸಲ ನುಂಗೋ ಪಾಲ್ಟುಸೋಟಿನ್ ಮಾತ್ರೆಗೆ 2025ರಲ್ಲಿ. ಅವು ಇಲ್ಲಿಗೂ ಬರ್ಲಿ, ಕೈಗೆಟುಕೋ ಬೆಲೆಗೆ ಬರ್ಲಿ, ಆದ್ರೆ ಸಿಸ್ಟರ್‌ಗಳಿಗೆ ಕಲಿಸೋಕೆ ಯಾವ ಹೊಸ ಔಷಧಿಗೂ ಕಾಯಬೇಕಿಲ್ಲ, ಈ ತಿಂಗಳೇ ಶುರು ಮಾಡಬಹುದು.

ಇಂತಿ,
ಒಬ್ಬ ರೋಗಿಯ ಮಗಳು, ಹೊಸದುರ್ಗ