ಇಸ್ಪೀಟಿನ ಜಾದೂಗೆ ಅವಸರ ಬೇಡ

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯ ಮಕ್ಕಳ ಪುಟದಲ್ಲಿ ಇಸ್ಪೀಟಿನ ಜಾದೂ ಕಲಿಸಿದ್ದೀರಿ. ನೋಡುವವರು ಆರಿಸಿದ ಎಲೆಯನ್ನು ಕಟ್ಟಿನ ನಡುವೆ ಸೇರಿಸಿ, ಯಾರಿಗೂ ತಿಳಿಯದ ಹಾಗೆ ಮೇಲಕ್ಕೆ ತರುವ ಕೈಚಳಕ. ಬರೆದ ವಿಧಾನ ಸರಿಯಾಗಿಯೇ ಇದೆ. ಆದರೆ ಕೊನೆಯಲ್ಲಿ ‘ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು’ ಅಂದಿದ್ದೀರಲ್ಲ, ನನ್ನ ತಕರಾರು ಅದಕ್ಕೆ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ನೈಟ್ ಹಾಲ್ಟ್ ಊರುಗಳಲ್ಲಿ ಹೊತ್ತು ಹೋಗಲಿ ಅಂತ ಒಬ್ಬ ಹಿರಿಯ ಡ್ರೈವರ್ ಹತ್ತಿರ ಈ ವಿದ್ಯೆ ಕಲಿತೆ. ದುಡ್ಡಿಟ್ಟು ಆಡಿದವನಲ್ಲ. ಇಸ್ಪೀಟು ಅಂದಕೂಡಲೇ ಹುಬ್ಬೇರಿಸುವವರು ಇರುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಿಮ್ಮ ಲೇಖನ ಓದಿ ನನ್ನ ಮೊಮ್ಮಗಳು ಮನೆಯಲ್ಲಿ ಶುರು ಮಾಡಿಕೊಂಡಳು. ಆರಿಸಿದ ಎಲೆಯನ್ನು, ಅವತ್ತು ಆಟೀನ್ ರಾಣಿ, ವಾಪಸ್ ಇಟ್ಟಮೇಲೆ ಅದರ ಮೇಲೆ ಎಡಗೈಯ ಕಿರುಬೆರಳು ತೂರಿಸಿ ಸಂದಿ ಬಿಡಬೇಕು, ಅಲ್ವಾ? ಅವಳು ಬೆರಳನ್ನು ಗೆಣ್ಣಿನವರೆಗೂ ತೂರಿಸಿದ್ದಳು. ಎದುರಿಗೆ ಅವರೆಕಾಯಿ ಬಿಡಿಸುತ್ತಿದ್ದ ನಮ್ಮ ಮನೆಯವಳು ‘ಬೆರಳು ಸಿಕ್ಕಿಹಾಕಿಕೊಂಡಿತೇನೇ?’ ಅಂದಳು. ಬೆರಳತುದಿಯ ಮಾಂಸ ಒಂದಿಷ್ಟು ತಾಗಿದರೆ ಸಾಕು. ಸಂದಿ ಹಿಂದಿನ ಮೂಲೆಯಲ್ಲಿ ಮಾತ್ರ ಇರಬೇಕು. ನೋಡುವವರ ಕಡೆಯ ಅಂಚು ಮುಚ್ಚಿರಬೇಕು. ಅದಕ್ಕೆ ಹೆಬ್ಬೆರಳು ಮೇಲಿಂದ ಹಗುರವಾಗಿ ಕೂತಿರಬೇಕು. ಬಿಗಿ ಹಿಡಿದರೆ ಉಗುರು ಬೆಳ್ಳಗಾಗುತ್ತದೆ, ಅಲ್ಲೇ ಗುಟ್ಟು ರಟ್ಟು.

ಇದು ಅಭ್ಯಾಸದಿಂದ ಸರಿಹೋಗುತ್ತದೆ. ‘ಬೇಗ’ ಅನ್ನುವುದು ಹಾಗಲ್ಲ. ಎಲೆ ಒಳಗೆ ಹೋದ ತಕ್ಷಣ ಹುಡುಗಿ ಉಸಿರು ಬಿಗಿಹಿಡಿದು, ತನ್ನ ಕೈಯನ್ನೇ ನೋಡುತ್ತಾ, ಸರ‍್ರನೆ ಕೆಳಗಿನ ಎಲೆಗಳನ್ನು ತೆಗೆದು ಮೇಲಿಟ್ಟು ಕಟ್ ಮಾಡಿದಳು. ಅವಳು ಎಲ್ಲಿ ನೋಡಿದಳೋ ನಾವೂ ಅಲ್ಲೇ ನೋಡಿದೆವು. ಏನು ಮಾಡಿದಳು ಅಂತ ಅಜ್ಜಿಗೆ ತಿಳಿಯಲಿಲ್ಲ, ಆದರೆ ಏನೋ ಮಾಡಿದಳು ಅಂತ ತಿಳಿಯಿತು. ಅಷ್ಟಾದರೆ ಜಾದೂ ಕೆಟ್ಟ ಹಾಗೇ.

ನಮ್ಮ ಡ್ರೈವರ್ ಕಲಿಸಿದ್ದು ಬೇರೆ ಥರ. ಎಲೆ ಒಳಗೆ ಹೋಯಿತಾ, ಸುಮ್ನಿರು. ಕೈ ಸ್ವಲ್ಪ ಕೆಳಗಿಳಿಸು. ‘ಎಲೆ ನೆನಪಿದೆ ತಾನೇ? ಪಕ್ಕದವರಿಗೂ ತೋರಿಸಿದಿರಾ?’ ಅಂತ ಅವರ ಮುಖ ನೋಡಿ ಕೇಳು. ಅವರೂ ನಿನ್ನ ಮುಖ ನೋಡುತ್ತಾರೆ. ಬಸ್ಸಿನಲ್ಲಿ ಚಿಲ್ಲರೆ ಎಣಿಸುತ್ತಾ ಕೂತವನೂ ‘ಎಲ್ಲಿಗೆ?’ ಅಂದರೆ ತಲೆ ಎತ್ತುತ್ತಾನಲ್ಲ, ಹಾಗೇ. ಆಗ ಸಂದಿಯ ಕೆಳಗಿನ ಎಲೆಗಳಲ್ಲಿ ಅರ್ಧವನ್ನು ತಳದಿಂದ ತೆಗೆದು ಮೇಲಿಡು, ಉಳಿದರ್ಧವನ್ನೂ ಮೇಲಿಡು. ರಾಣಿ ಎಲ್ಲಕ್ಕಿಂತ ಮೇಲೆ ಬಂದು ಕೂತಿರುತ್ತಾಳೆ. ನಿಧಾನವಾಗಿ ಮಾಡಿದರೂ ಯಾರೂ ಕೇಳುವುದಿಲ್ಲ.

ಮಕ್ಕಳಿಗೆ ಇದಕ್ಕಿಂತ ಸುಲಭದ್ದೂ ಇದೆ. ಮದುವೆ ಛತ್ರಗಳಲ್ಲಿ ನಮ್ಮವರು ಎಲೆ ಕಲೆಸುವುದನ್ನು ನೋಡಿದ್ದೀರಲ್ಲ. ಬಲಗೈಯಲ್ಲಿ ಕಟ್ಟು, ಮೇಲಿಂದ ನಾಲ್ಕಾರು ಎಲೆ ಎಡಗೈಗೆ, ಮತ್ತೆ ನಾಲ್ಕಾರು. ಹೊರದೇಶದ ಜಾದೂಗಾರರು ‘ಹಿಂದೂ ಶಫಲ್’ ಅನ್ನುವುದು ಇದಕ್ಕೇ. ಅರ್ಧ ಕಲೆಸಿ ನಿಲ್ಲಿಸಿ, ಆರಿಸಿದ ಎಲೆಯನ್ನು ಎಡಗೈ ಎಲೆಗಳ ಮೇಲೆ ಇಡಿಸಿಕೊಳ್ಳಬೇಕು. ಕಲೆಸುವುದನ್ನು ಮುಂದುವರಿಸುವ ಹಾಗೆ ಬಲಗೈ ಮೇಲೆ ಬಂದಾಗ, ಆ ಎಲೆ ಸೇರಿ ನಾಲ್ಕಾರನ್ನು ಬಲಗೈ ಕಟ್ಟಿನ ಅಡಿಗೆ ಎತ್ತಿಕೊಂಡು, ನಡುವೆ ಸಣ್ಣ ಸಂದಿ ಹಿಡಿಯಬೇಕು. ಸಂದಿಯವರೆಗೆ ಮಾಮೂಲಿನಂತೆ ಕಲೆಸಿ, ಉಳಿದ ಗೊಂಚಲನ್ನು ಕೊನೆಗೆ ಮೇಲೆ ಹಾಕಿದರೆ ಮುಗಿಯಿತು. ಒಂದೇ ಷರತ್ತು: ಅದಕ್ಕೂ ಮೊದಲು ಒಂದೆರಡು ಸಲ ಯಾವ ಮೋಸವೂ ಇಲ್ಲದೆ ಇದೇ ಲಯದಲ್ಲಿ ಕಲೆಸಿರಬೇಕು. ಆಗ ಮೋಸದ ಸಲ ಬೇರೆಯಾಗಿ ಕಾಣುವುದಿಲ್ಲ.

ಯಾವ ಜಾದೂ ಆದರೂ ಮೂರು ಸಲ ನೋಡಿದರೆ ಗುಟ್ಟು ಹೇಳುತ್ತೇನೆ ಅಂತ ಅಮೆರಿಕದ ಹೆಸರಾಂತ ಜಾದೂಗಾರ ಹೂಡಿನಿ ಹೇಳಿಕೊಳ್ಳುತ್ತಿದ್ದನಂತೆ. 1922ರಲ್ಲಿ ಷಿಕಾಗೋದಲ್ಲಿ ಕೆನಡಾದ ಜಾದೂಗಾರ ಡಾಯ್ ವರ್ನನ್ ಅವನ ಮುಂದೆ ಕೂತ. ಮೇಲಿಂದ ಎರಡನೆಯದಾಗಿ ಸೇರಿಸಿದ ಎಲೆ ಮತ್ತೆ ಮತ್ತೆ ಮೇಲೇ ಬರುತ್ತಿತ್ತು. ಹೂಡಿನಿಗೆ ಕೊನೆಗೂ ಹೊಳೆಯಲಿಲ್ಲ. ಆ ವರ್ನನ್ ಮುಂದೆ ತನ್ನ ಶಿಷ್ಯರಿಗೆ ಹೇಳುತ್ತಿದ್ದದ್ದು ವೇಗವಾಗಿರಿ ಅಂತಲ್ಲ, ಸಹಜವಾಗಿರಿ ಅಂತ. ಈ ಕಥೆ ಹಾಕಿದ್ದರೆ ಮಕ್ಕಳು ಖುಷಿಯಿಂದ ಓದುತ್ತಿದ್ದರು.

ಇನ್ನೊಂದು ಮಾತು. ನೀವು ಹಾಕಿದ ಚಿತ್ರಗಳೆಲ್ಲ ಮಾಡುವವನ ಕಡೆಯಿಂದ ತೆಗೆದವು. ಎದುರಿಗೆ ಕೂತವರಿಗೆ ಏನು ಕಾಣಬೇಕು, ಏನು ಕಾಣಬಾರದು ಅನ್ನುವುದು ಅವುಗಳಿಂದ ತಿಳಿಯುವುದಿಲ್ಲ. ಮುಂದಿನ ಕಂತಿನಲ್ಲಿ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ಹಾಕಿಸಿ. ಪಕ್ಕದಲ್ಲಿ ಕೂತವರೇ ಜಾಸ್ತಿ ಹಿಡಿಯುವುದು.

– ನಿವೃತ್ತ ಬಸ್ ಕಂಡಕ್ಟರ್, ತಿಪಟೂರು