ಬಂಗುಡೆಯೋ, ಹುರುಳಿಯೋ?

ಮಾನ್ಯ ಸಂಪಾದಕರೇ,

ನಾನು ಚಳ್ಳಕೆರೆಯಲ್ಲಿ ಸಣ್ಣ ಮೆಸ್ ನಡೆಸುತ್ತೇನೆ. ಮಂಗಳೂರಿನಲ್ಲಿರುವ ಮಗ ಊರಿಗೆ ಬಂದಾಗಲೆಲ್ಲ ಒಂದೇ ರಾಗ: "ಪ್ರೋಟೀನ್ ಅಂದ್ರೆ ಮೀನು ಕಣವ್ವಾ, ನಿನ್ನ ಹುರುಳಿಯಲ್ಲಿ ಏನಿದೆ?"

ಏನಿಲ್ಲ? 100 ಗ್ರಾಂ ಬಂಗುಡೆ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದ್ದರೆ, ಒಣ ಹುರುಳಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಸೀಮೆಯ ಶೇಂಗಾದಲ್ಲಿ ಇನ್ನೂ ಒಂಚೂರು ಜಾಸ್ತಿ. ಆದರೆ ಒಣ ಹುರುಳಿಯನ್ನು ಯಾರೂ ಬಾಯಿಗೆ ಹಾಕಿಕೊಳ್ಳುವುದಿಲ್ಲ, ಅಲ್ವಾ? ಬೆಂದ ಕಾಳು ನೀರು ಕುಡಿದು ಉಬ್ಬುತ್ತದೆ. ಆಗ 100 ಗ್ರಾಂಗೆ ಸಿಗುವುದು 8 ಗ್ರಾಂ ಆಸುಪಾಸು. ಅದಕ್ಕೇ ಬರೀ ಸಾರಿನ ತಿಳಿ ಸುರಿದುಕೊಳ್ಳುವ ಹುಡುಗರ ತಟ್ಟೆಗೆ ನಾನೇ ಒಂದು ಸೌಟು ಕಾಳು ಹಾಕುತ್ತೇನೆ. ಬೈದುಕೊಂಡೇ ತಿನ್ನುತ್ತಾರೆ. ಕಾಳಿನಲ್ಲಿ ನಾರಿನಂಶ ಇದೆ, ಮೀನಿನಲ್ಲಿ ಅದು ಇಲ್ಲವೇ ಇಲ್ಲ. ರಾಗಿ ಮುದ್ದೆಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನ್ ಅಂಶವನ್ನು ಹುರುಳಿ ತುಂಬಿಕೊಡುತ್ತದೆ.

ಮಗನ ಮಾತು ಪೂರ್ತಿ ಸುಳ್ಳೂ ಅಲ್ಲ. ಮೀನಿನ ಪ್ರೋಟೀನ್ ಸುಲಭವಾಗಿ ಜೀರ್ಣವಾಗುತ್ತದೆ. ಬಂಗುಡೆ, ಬೂತಾಯಿಯಂಥ ಮೀನಿನಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಚೆನ್ನಾಗಿದೆ. ವಿಟಮಿನ್ ಬಿ12 ಅಂತೂ ಕಾಳಿನಲ್ಲಿ ಸಿಗುವುದೇ ಇಲ್ಲ. ಕಳೆದ ವರ್ಷ ನನಗೇ ಪಾದ ಜೋಮು ಹಿಡಿದು, ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ಕಡಿಮೆ ಬಂತು. ಮೀನು ತಿನ್ನದ ನಾನು ಈಗ ಹಾಲು, ಮೊಸರು ಬಿಡುವುದಿಲ್ಲ. ವೈದ್ಯರು ಹೇಳಿದ ಮಾತ್ರೆಯೂ ನಡೆಯುತ್ತಿದೆ.

ನಿಮ್ಮ ಆಹಾರ ಪುಟದಲ್ಲಿ ಸುಮ್ನೆ ಒಣ ಕಾಳಿನ ಲೆಕ್ಕ ಕೊಡಬೇಡಿ. ಬೆಂದ ಕಾಳಿನದ್ದೂ ಹಾಕಿ.

— ಮೆಸ್ ನಡೆಸುವ ಓದುಗಾರ್ತಿ, ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ